ಮಾವನ ಡೆಸ್ಕ್‌ಟಾಪಿಗೊಂದು ಗಿಟ್ ಸರ್ವರ್

ಸಾಫ್ಟ್‌ವೇರ್ ಬರೆಯೋರಿಗೆ ವರ್ಷನ್ ಕಂಟ್ರೋಲ್ ಅಂದ್ರೆ ಹಲ್ಲುಜ್ಜಿದ ಹಾಗೆ. ದಿನಾ ಮಾಡ್ತೀವಿ, ಅದರ ಬಗ್ಗೆ ಯೋಚಿಸೋದಿಲ್ಲ. ಆಫೀಸಿನ ಹೊರಗೂ ಅದಕ್ಕೆ ಕೆಲಸ ಇದೆ ಅಂತ ನನಗೆ ತೋರಿಸಿದ್ದು ಭದ್ರಾವತಿ ಹೊಸಮನೆಯ ನಮ್ಮ ಮಾವ.

ಮಾವ ಮೈಸೂರು ಕಾಗದ ಕಾರ್ಖಾನೆಯಲ್ಲಿ ಇದ್ದವರು. 1936ರಲ್ಲಿ ಸ್ಥಾಪನೆಯಾದ ಆ ಎಂಪಿಎಂ ಕಬ್ಬಿನ ಸಿಪ್ಪೆ ಹಾಕಿ ನ್ಯೂಸ್‌ಪ್ರಿಂಟ್ ತಯಾರಿಸುತ್ತಿತ್ತು. ಈಗ ಯಂತ್ರಗಳು ನಿಂತು ವರ್ಷಗಳೇ ಆದವು. ಅಲ್ಲಿ ಓಡಾಡುತ್ತಿದ್ದ ಮಾತುಗಳನ್ನೆಲ್ಲ ಮಾವ ಮತ್ತವರ ಗೆಳೆಯರೊಬ್ಬರು 1996ರಿಂದ ನೋಟ್‌ಬುಕ್ಕಲ್ಲಿ ಬರೆದಿಟ್ಟಿದ್ದಾರೆ. ಹರಿದುಹೋಗಿ ಮತ್ತೆ ಪಲ್ಪ್ ಆಗೋ ಕಾಗದ 'ಬ್ರೋಕ್', ಹಾಳೆಯ ಅಗಲ 'ಡೆಕಲ್', ಹೀಗೆ. ಜೊತೆಗೆ ಕೆಲಸಗಾರರು ಅದನ್ನೆಲ್ಲ ಕನ್ನಡದಲ್ಲಿ ಹೇಗೆ ವಿವರಿಸುತ್ತಿದ್ದರು ಅನ್ನೋದೂ ಇದೆ. ಹೋದ ವರ್ಷ ಆ ಗೆಳೆಯರು ತೀರಿಕೊಂಡರು. ಮಾವ ಎಲ್ಲವನ್ನೂ ಟೈಪ್ ಮಾಡಲು ಕೂತರು.

ಆಮೇಲಿನ ಕಥೆ ನಿಮಗೆ ಗೊತ್ತಿದ್ದದ್ದೇ! 'ಫೈನಲ್', 'ಫೈನಲ್ 2', 'ಹೊಸ ಫೈನಲ್'... ಪೆನ್ ಡ್ರೈವ್ ಬಸ್ಸಲ್ಲಿ ಸುಮಾರು 20 ಕಿ.ಮೀ. ದಾಟಿ ಶಿವಮೊಗ್ಗದ ನಮ್ಮನೆಗೆ ಬರೋದು. ಒಂದೇ ಪದಕ್ಕೆ ಮೂರು ಫೈಲಲ್ಲಿ ಮೂರು ಅರ್ಥ. "ಇದು ನಾನು ಹೇಳಿದ್ದೋ ಅವನು ಹೇಳಿದ್ದೋ ನನಗೇ ಮರೆತು ಹೋಗ್ತಿದೆ ಕಣೋ" ಅಂದರು ಮಾವ. ಬ್ಯಾಕಪ್ ಇಟ್ಟರೆ ಈ ಸಮಸ್ಯೆ ಬಗೆಹರಿಯಲ್ಲ ನೋಡಿ. ಬೇಕಾಗಿದ್ದದ್ದು ಚರಿತ್ರೆ.

ಹಾಗಾಗಿ ಗಿಟ್. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್ ಕರ್ನಲ್‌ಗೋಸ್ಕರ ಬರೆದದ್ದು, ಮಾವನ ಪದಪಟ್ಟಿಗೂ ಸಾಕು. ಮನೆಯ ಹಳೆ ಡೆಸ್ಕ್‌ಟಾಪಿಗೆ ಡೆಬಿಯನ್ ಹಾಕಿ, ಓಪನ್ ಎಸ್ಸೆಸ್ಸೆಚ್ ಇನ್‌ಸ್ಟಾಲ್ ಮಾಡಿ, 'ಗಿಟ್' ಅಂತ ಒಂದು ಯೂಸರ್ ಮಾಡಿದೆ. ಅದಕ್ಕೆ ಗಿಟ್-ಶೆಲ್ ಕೊಟ್ಟರೆ ಆ ಯೂಸರ್ ಗಿಟ್ ಬಿಟ್ಟು ಬೇರೇನೂ ಮಾಡಕ್ಕಾಗಲ್ಲ. ರೆಪಾಸಿಟರಿ 'ಬೇರ್' ಆಗಿರಬೇಕು. ಅಂದ್ರೆ ಅದರಲ್ಲಿ ತಿದ್ದೋ ಫೈಲುಗಳಿರಲ್ಲ, ಚರಿತ್ರೆ ಮಾತ್ರ. ಸರ್ವರ್ ಅಂದ್ರೆ ಇಷ್ಟೇ!

ಕಷ್ಟ ಇದ್ದದ್ದು ಭದ್ರಾವತಿಯಿಂದ ಇಲ್ಲಿಗೆ ಬರೋದರಲ್ಲಿ. ನಿಮ್ಮ ರೂಟರಿಗೆ ಸಿಕ್ಕಿರೋ ವಿಳಾಸ 100.64ರಿಂದ 100.127ರ ಒಳಗೆ ಶುರುವಾಗಿದ್ದರೆ, ನೀವು ವಠಾರದಲ್ಲಿದ್ದೀರಿ ಅಂತ ಅರ್ಥ. ಹತ್ತಾರು ಮನೆಗೆ ಒಂದೇ ಗೇಟು, ಹೊರಗಿನಿಂದ ಬಂದವರಿಗೆ ನಿಮ್ಮ ಬಾಗಿಲು ಸಿಗಲ್ಲ. ಪೋರ್ಟ್ ಫಾರ್ವರ್ಡ್ ಮಾಡಿ ಉಪಯೋಗ ಇಲ್ಲ. ಅದಕ್ಕೆ ಬಾಡಿಗೆಗೆ ಒಂದು ಪುಟ್ಟ ಮೆಷಿನ್ ತಗೊಂಡೆ. ನಮ್ಮನೆ ಸರ್ವರೇ ಅದಕ್ಕೆ ಫೋನ್ ಹಚ್ಚಿ ಲೈನ್ ಹಿಡಿದುಕೊಂಡಿರುತ್ತೆ, ಮಾವ ಆ ಲೈನಲ್ಲೇ ಒಳಗೆ ಬರ್ತಾರೆ. ಇದೇ ರಿವರ್ಸ್ ಟನಲ್.

ಮಾವನ ವಿಂಡೋಸ್ ಡೆಸ್ಕ್‌ಟಾಪಲ್ಲಿ ಕೀ ಜೋಡಿ ಮಾಡಿ ಪಬ್ಲಿಕ್ ಕೀ ಮಾತ್ರ ತರಿಸಿಕೊಂಡೆ. ಮೊದಲ ಸಲ ಕನೆಕ್ಟ್ ಆದಾಗ ಅದು ಸರ್ವರಿನ ಫಿಂಗರ್‌ಪ್ರಿಂಟ್ ತೋರಿಸಿ 'ಯೆಸ್ಸಾ?' ಅಂತ ಕೇಳುತ್ತೆ. ಎಲ್ಲರೂ ಕಣ್ಣುಮುಚ್ಚಿ ಯೆಸ್ ಅಂತೀವಿ. ಮಾವ ಬಿಡಲಿಲ್ಲ. ಫೋನಲ್ಲಿ ಒಂದೊಂದೇ ಅಕ್ಷರ ಓದಿಸಿ, ತಾಳೆ ನೋಡಿ, ಆಮೇಲೇ ಒತ್ತಿದರು. ಕಾರ್ಖಾನೆ ಶಿಸ್ತು!

ಕನ್ನಡದವರಿಗೆ ಎರಡು ಮಾತು. ಹಳೆ ನುಡಿ ಫಾಂಟಿನ ಫೈಲುಗಳನ್ನು ಮೊದಲು ಯೂನಿಕೋಡ್ ಪಠ್ಯ ಮಾಡಿಕೊಳ್ಳಿ, ಒಂದು ಸಾಲಿಗೆ ಒಂದು ಪದ ಇಡಿ. ಆಗಲೇ ಡಿಫ್ ಓದಕ್ಕಾಗೋದು. ಇನ್ನು, ಫೈಲಿನ ಹೆಸರು ಕನ್ನಡದಲ್ಲಿದ್ದರೆ ಗಿಟ್ ಅದನ್ನು 340, 262 ಅಂತ ಅಂಕಿಗಳ ಸಾಲಾಗಿ ತೋರಿಸುತ್ತೆ. 'ಕೋರ್.ಕೋಟ್‌ಪಾತ್' ಅನ್ನೋ ಸೆಟ್ಟಿಂಗನ್ನು 'ಫಾಲ್ಸ್' ಮಾಡಿದರೆ ಸರಿಹೋಗುತ್ತೆ.

ನನಗೆ ತುಂಬ ಹಿಡಿಸಿದ್ದು ಇದು. ಗಿಟ್ ಪ್ರತಿ ಬದಲಾವಣೆಗೂ ಇಬ್ಬರ ಹೆಸರು ಇಡುತ್ತೆ: ಬರೆದವರು ಒಬ್ಬರು, ಸೇರಿಸಿದವರು ಇನ್ನೊಬ್ಬರು. ಕಮಿಟ್ ಮಾಡುವಾಗ 'ಆಥರ್' ಅಂತ ಬೇರೆ ಹೆಸರು ಕೊಡಬಹುದು, ತಾರೀಖೂ ಕೊಡಬಹುದು. ಈಗ ಮಾವ ನೋಟ್‌ಬುಕ್ ಎದುರಿಟ್ಟುಕೊಂಡು, ಗೆಳೆಯರ ಕೈಬರಹದ ಪದಗಳನ್ನು ಅವರದೇ ಹೆಸರಲ್ಲಿ, ಅವರು ಬರೆದ ತಾರೀಖಿಗೇ ಸೇರಿಸ್ತಾರೆ. ಅವರಿಗೆ ಇಮೇಲ್ ಇರಲಿಲ್ಲ. ಆ ಜಾಗ ಖಾಲಿ ಬಿಟ್ಟರೂ ಗಿಟ್ ತಕರಾರು ಮಾಡಲ್ಲ. ಮಾವನಿಗೆ ಒಪ್ಪಿಗೆಯಾಗದ ಅರ್ಥ ಇದ್ದರೆ ಮೊದಲು ಅದನ್ನು ಹಾಗೇ ಸೇರಿಸಿ, ತಮ್ಮ ತಿದ್ದುಪಡಿಯನ್ನು ಇನ್ನೊಂದು ಕಮಿಟ್ಟಲ್ಲಿ ಹಾಕ್ತಾರೆ. ಲಾಗ್ ತೆಗೆದರೆ ಇಬ್ಬರೂ ಇನ್ನೂ ಶಿಫ್ಟ್ ಮುಗಿಸಿ ವಾದ ಮಾಡ್ತಾ ಕೂತಂತಿದೆ.

"ನಿನ್ನ ಸರ್ವರ್ ಸುಟ್ಟುಹೋದರೆ?" ಅಂತ ಮೊನ್ನೆ ಕೇಳಿದರು. ಕ್ಲೋನ್ ಮಾಡಿದ ಕಂಪ್ಯೂಟರಲ್ಲೂ ಪೂರ್ತಿ ಚರಿತ್ರೆ ಇರುತ್ತೆ, ನಿಮ್ಮದರಿಂದಲೇ ಹೊಸ ಸರ್ವರ್ ಎಬ್ಬಿಸಬಹುದು ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು ಮಾವ ಅಂದರು, "ಹಂಗಾದ್ರೆ ಅವನ ಮಗಳಿಗೂ ಒಂದು ಕೀ ಮಾಡಿಕೊಡು."

ಈ ಭಾನುವಾರ ಅದೇ ಕೆಲಸ.