ಅಟ್ಟದ ಮೇಲಿನ ಇಲಿ

ಮೊನ್ನೆ ಹಬ್ಬಕ್ಕೆ ಅಂತ ಉಡಿಗಾಲದ ಮನೆ ಅಟ್ಟ ಗುಡಿಸ್ತಿದ್ದೆ. ರಾಗಿ ಮೂಟೆ ಹಿಂದೆ ಉದ್ದ ಬಾಲದ ಹಳೇ ಮೌಸು ಸಿಕ್ತು. "ಇದ್ಯಾವ ಇಲಿ ಅಜ್ಜಿ?" ಅಂದ್ಳು ಮೊಮ್ಮಗಳು. ನನ್ನ ಓಲೆ ತಿಂದ ಇಲಿ ಕಣವ್ವ ಅಂದೆ.

ನಮ್ಮ ಚಾಮರಾಜನಗರ ಮೈಸೂರಿಂದ ಬ್ಯಾರೆ ಜಿಲ್ಲೆ ಆಯ್ತಲ್ಲ, 1997, ಆ ವರ್ಷ ನಾನು ಓಲೆ ಅಡ ಇಟ್ಟು ಒಂದು ಹಳೇ ಕಂಪ್ಯೂಟ್ರು ತರಿಸಿದ್ದೆ. ಅದ್ರಲ್ಲಿ ವಿಂಡೋಸ್ ಇರ್ನಿಲ್ಲ, ಬರೀ ಡಾಸು. ಪೇಟೆ ಅಂಗಡಿಯವ್ರ ಲೆಕ್ಕ ಟೈಪ್ ಮಾಡ್ಕೊಟ್ಟು ಓಲೆ ಬಿಡಿಸ್ಕೊಳದು ನನ್ನ ಯೋಚ್ನೆ. ಆದ್ರೆ ಮೌಸು ಅಲುಗಿಸಿದ್ರೆ ಸಾಕು, ಯಂತ್ರ ಕಲ್ಲಾಗಿ ಕೂತ್ಕತಿತ್ತು. ಟೈಪ್ ಮಾಡಿದ್ದೆಲ್ಲ ಹೋಯ್ತಿತ್ತು. "ಬಂದಷ್ಟಕ್ಕೆ ಮಾರ್ಬುಡು" ಅಂದ್ರು ಮನೆಯವ್ರು. ಸೋಮವಾರಕ್ಕೆ ಲೆಕ್ಕ ಕೊಡ್ಬೇಕು. ಎರಡು ರಾತ್ರಿ ನಿದ್ದೆ ಇಲ್ಲ.

ಆನ್ ಆಗುವಾಗ 'ಸ್ಟಾರ್ಟಿಂಗ್ ಎಂಎಸ್-ಡಾಸ್' ಅಂತ ಬಂದ ಕೂಡ್ಲೆ ಎಫ್8 ಒತ್ತುದ್ರೆ, ಒಂದೊಂದೇ ಸಾಲು ತೋರಿಸಿ ಬೇಕಾ ಬ್ಯಾಡ್ವಾ ಅಂತ ಕೇಳ್ತದೆ. ಅಕ್ಕೀಲಿ ಕಲ್ಲು ಆರಿಸ್ದಂಗೆ ನೋಡ್ತಾ ಹೋದೆ. ಕಾನ್ಫಿಗ್.ಸಿಸ್‌ನಲ್ಲಿ ಮೌಸ್.ಸಿಸ್, ಆಟೋಎಕ್ಸೆಕ್.ಬ್ಯಾಟ್‌ನಲ್ಲಿ ಮತ್ತೆ ಮೌಸ್.ಕಾಮ್! ಒಂದು ಇಲಿಗೆ ಇಬ್ರು ಡ್ರೈವರು. ಒಂದು ಸಾಲಿನ ಮುಂದೆ 'ರೆಮ್' ಅಂತ ಬರೆದೆ. ಅಳಿಸದು ಬ್ಯಾಡ, ರೆಮ್ ಹಾಕುದ್ರೆ ಆ ಸಾಲು ಸುಮ್ನೆ ಬಿದ್ದಿರ್ತದೆ. ಆದ್ರೂ ಸರಿಹೋಗ್ನಿಲ್ಲ.

ಕೊನೆಗೆ ವೈರು ಕಿತ್ತು ಮುಚ್ಚಳ ಬಿಚ್ಚಿದೆ. ಕರೆಂಟೂ ಇರ್ನಿಲ್ಲ, ನಮ್ಮತ್ತೆ ಬ್ಯಾಟ್ರಿ ಹಿಡ್ಕಂಡು ನಿಂತ್ರು. ಒಳಗೆ ಹಿಂದಿನವ್ರು ಬಿಟ್ಟಿದ್ದ ಮೋಡಮ್ ಕಾರ್ಡು! ಫೋನೇ ಇಲ್ದಿರೋ ಮನೇಲಿ! ಮೌಸು ಕಾಮ್1, ಮೋಡಮ್ಮು ಕಾಮ್3. ಹೆಸ್ರು ಬ್ಯಾರೆ, ಆದ್ರೆ ಯಂತ್ರನ ಕೂಗಕ್ಕೆ ಎರಡಕ್ಕೂ ಇರದು ಒಂದೇ ಗಂಟೆ, 4ನೇ ನಂಬರ್ದು. ಕ್ಲಾಸಲ್ಲಿ ಹೇಳಿದ್ರು, ನಾನು ಆಗ ಕಿವಿಗೆ ಹಾಕ್ಕಂಡಿರ್ನಿಲ್ಲ. ಹಂಗಂತ ಅತ್ತೆಗೆ ಹೇಳ್ದೆ.

"ಎರಡು ಮನೆಗೆ ಒಂದೇ ಗಂಟೆ ಕಟ್ಟುದ್ರೆ ಯಾರ್ ಬಂದು ಬಾಗ್ಲು ತೆಗ್ದಾರು? ಒಂದ ಕಿತ್ತಾಕು" ಅಂದ್ರು. ಕೈ ನಡುಗ್ತಿತ್ತು ಕಣ್ರಕ್ಕ. ಒಂದೇ ಸ್ಕ್ರೂ ಬಿಚ್ಚಿ ಎಳೆದೆ. ಕರೆಂಟು ಬಂದ್ಮೇಲೆ ಆನ್ ಮಾಡಿದ್ರೆ, ಬಾಣದ ಗುರ್ತು ಪರದೆ ತುಂಬ ಓಡಾಡ್ತು. ಸೋಮವಾರ ಲೆಕ್ಕ ಅಂಗಡಿ ಸೇರ್ತು.

ಓಲೆ ಬಿಡಿಸ್ಕಂಡಿದ್ದು ಆರು ತಿಂಗಳಾದ್ಮೇಲೆ. ಒಂದರ ತಿರುಪು ಕಳೆದೋಗಿತ್ತು. ನಮ್ಮತ್ತೆ ಅವ್ರ ಓಲೆ ತಿರುಪನ್ನೇ ಬಿಚ್ಚಿ ಹಾಕಿದ್ರು. ಎಡಗಿವೀಲಿ ಈಗ್ಲೂ ಅದೇ ಇರದು.