ಕ್ಲಿಂಚ್ ನದಿಯ ಶರತ್ಕಾಲ ಮತ್ತು ಒಂದು ಹಳೆಯ ಪ್ರಶ್ನೆ



ಮೀನು ಹಿಡಿಯುವ ವಿಚಾರವಾಗಿ ನಾನು ಬರೆಯುತ್ತಿದ್ದೇನೆಂದರೆ ನಿಮ್ಮಲ್ಲಿ ಅನೇಕರಿಗೆ ನಗು ಬಂದೀತು. ನಮ್ಮ ಅಡುಗೆಮನೆಗೆ ಮೀನು ಬಂದದ್ದಿಲ್ಲ. ನಾನು ಗಾಳ ಮುಟ್ಟಿದವನೂ ಅಲ್ಲ. ಆದರೆ 2023ರ ಅಕ್ಟೋಬರಿನಲ್ಲಿ ಅಮೆರಿಕದ ಟೆನೆಸ್ಸೀ ರಾಜ್ಯದಲ್ಲಿರುವ ಮಗನ ಮನೆಗೆ ಹೋಗಿದ್ದಾಗ, ಒಂದು ಬೆಳಗ್ಗೆ ಮೊಣಕಾಲುಮಟ್ಟದ ನೀರಿನಲ್ಲಿ ನಿಂತು ಕಲಿತ ಪಾಠವೊಂದು, ಮೂರು ದಶಕಗಳ ಕಾಲ ವಿಜ್ಞಾನ ಬೋಧಿಸಿದ ನನ್ನ ಹಳೆಯ ತಪ್ಪೊಂದನ್ನು ತೋರಿಸಿಕೊಟ್ಟಿತು. ಅದನ್ನು ಹೇಳಿಕೊಳ್ಳದೆ ನನಗೆ ಸಮಾಧಾನವಿಲ್ಲ.

ನಾಕ್ಸ್‌ವಿಲ್ ನಗರದ ಉತ್ತರಕ್ಕೆ ಕ್ಲಿಂಚ್ ಎಂಬ ನದಿಯೊಂದಿದೆ. ವರ್ಜೀನಿಯಾದ ಬೆಟ್ಟಗಳಲ್ಲಿ ಹುಟ್ಟಿ ಬಂದು ಟೆನೆಸ್ಸೀ ನದಿಯನ್ನು ಸೇರುತ್ತದೆ. ಅದಕ್ಕೆ ಅಡ್ಡಲಾಗಿ ನಿಂತಿರುವುದು ನಾರಿಸ್ ಅಣೆಕಟ್ಟು. 1933ರಲ್ಲಿ ಸ್ಥಾಪನೆಯಾದ ಟೆನೆಸ್ಸೀ ಕಣಿವೆ ಪ್ರಾಧಿಕಾರವು ಕಟ್ಟಿದ ಮೊದಲ ಅಣೆಕಟ್ಟು ಇದು. ಅದೇ ವರ್ಷ ಕೆಲಸ ಆರಂಭವಾಗಿ 1936ರಲ್ಲಿ ಮುಗಿಯಿತು. ಎತ್ತರ 265 ಅಡಿ. ಸಮಾಜ ವಿಜ್ಞಾನದ ಪಾಠದಲ್ಲಿ ನೀವು ಓದಿದ ದಾಮೋದರ ಕಣಿವೆ ನಿಗಮವು 1948ರಲ್ಲಿ ರೂಪುಗೊಂಡದ್ದು ಈ ಪ್ರಾಧಿಕಾರದ ಮಾದರಿಯಲ್ಲಿಯೇ.

ಅಣೆಕಟ್ಟಿಗೆ ಮೊದಲು ಕ್ಲಿಂಚ್ ಬೆಚ್ಚನೆಯ ನೀರಿನ ನದಿಯಾಗಿತ್ತು. ಜಲಾಶಯದ ಆಳದಿಂದ ಟರ್ಬೈನುಗಳ ಮೂಲಕ ಹೊರಬರುವ ನೀರು ಬೇಸಿಗೆಯಲ್ಲಿಯೂ ತಣ್ಣಗಿರುವುದರಿಂದ, ಕೆಳಗಿನ ಹತ್ತು ಹನ್ನೆರಡು ಮೈಲಿಗಳ ಹರಿವು ಟ್ರೌಟ್ ಎಂಬ ತಂಪುನೀರಿನ ಮೀನಿಗೆ ತಕ್ಕ ನೆಲೆಯಾಯಿತು. ಟ್ರೌಟ್ ಅಲ್ಲಿನ ಮೂಲನಿವಾಸಿಯಲ್ಲ. ಮೈಮೇಲೆ ಕೆಂಪು ಪಟ್ಟೆಯಿರುವ ರೇನ್‌ಬೋ ಟ್ರೌಟ್ ಅಮೆರಿಕದ ಪಶ್ಚಿಮ ಭಾಗದ್ದು. ಕಂದು ಟ್ರೌಟ್ ಯೂರೋಪಿನದು. ಎರಡನ್ನೂ ಮರಿಕೇಂದ್ರಗಳಲ್ಲಿ ಬೆಳೆಸಿ ನದಿಗೆ ತಂದು ಬಿಟ್ಟಿದ್ದಾರೆ. ಆ ಭಾಗದ ನದಿಯನ್ನು ಅಣೆಕಟ್ಟೇ ಹೊಸದಾಗಿ ಸೃಷ್ಟಿಸಿತೆಂದರೂ ಸಲ್ಲುತ್ತದೆ.

ಮಗನಿಗೆ ಅಲ್ಲಿ ಹತ್ತಿರುವ ಹವ್ಯಾಸ ಫ್ಲೈ ಫಿಶಿಂಗ್. ಎರೆಹುಳುವನ್ನು ಸಿಕ್ಕಿಸುವ ನಮ್ಮ ಗಾಳದಂತಲ್ಲ ಅದು. ಸಣ್ಣ ಕೊಕ್ಕೆಗೆ ನೂಲು, ಗರಿ, ತುಪ್ಪಳಗಳನ್ನು ಸುತ್ತಿ ಹುಳುವಿನ ರೂಪ ಕೊಡುತ್ತಾರೆ. ಕೊಕ್ಕೆಗೆ ತೂಕವಿಲ್ಲದ ಕಾರಣ, ದಪ್ಪ ದಾರದ ತೂಕದಿಂದಲೇ ಅದನ್ನು ದೂರಕ್ಕೆ ಬೀಸಬೇಕು. ಹೀಗೆ ಹಿಡಿದ ಮೀನನ್ನು ಅವನು ಮರಳಿ ನೀರಿಗೆ ಬಿಟ್ಟುಬಿಡುತ್ತಾನೆ. "ಬಿಡುವುದಕ್ಕೆಂದೇ ಹಿಡಿಯುವುದೇಕೆ?" ಎಂದು ಅವನ ತಾಯಿ ಕೇಳಿದ ಪ್ರಶ್ನೆಗೆ ಅವನಿಂದ ಈವರೆಗೆ ಸರಿಯಾದ ಉತ್ತರ ಬಂದಿಲ್ಲ.

ಅಕ್ಟೋಬರ್ ಕೊನೆಯ ವಾರದ ಒಂದು ಶನಿವಾರ ನನ್ನನ್ನೂ ಕರೆದೊಯ್ದ. ಹಿಂದಿನ ರಾತ್ರಿಯೇ ಮೊಬೈಲಿನಲ್ಲಿ ಅಣೆಕಟ್ಟಿನ ವೇಳಾಪಟ್ಟಿ ನೋಡಿದ್ದ. ಯಾವ ಗಂಟೆಗೆ ಎಷ್ಟು ಟರ್ಬೈನು ತಿರುಗುತ್ತದೆಂಬುದನ್ನು ಪ್ರಾಧಿಕಾರ ಮೊದಲೇ ತಿಳಿಸುತ್ತದೆ. ನಾರಿಸ್‌ನಲ್ಲಿರುವುದು ಎರಡು ಟರ್ಬೈನು. ಎರಡೂ ನಿಂತಿದ್ದರೆ ನದಿಯಲ್ಲಿ ನಡೆದಾಡಬಹುದು. ಒಂದು ತಿರುಗಿದರೂ ಅದೇ ಜಾಗದಲ್ಲಿ ಕಾಲೂರುವುದು ಅಪಾಯ. ಹಿಂದೆ ಟರ್ಬೈನು ನಿಂತಾಗ ನದಿಯ ತಳವೇ ಬತ್ತಿ ಕಾಣುತ್ತಿತ್ತಂತೆ. 1984ರಲ್ಲಿ ಅಣೆಕಟ್ಟಿನಿಂದ ಎರಡು ಮೈಲಿ ಕೆಳಗೆ ಒಂದು ಚಿಕ್ಕ ಒಡ್ಡನ್ನು ಕಟ್ಟಿ, ಸೆಕೆಂಡಿಗೆ ಕನಿಷ್ಠ 200 ಘನ ಅಡಿಯಷ್ಟಾದರೂ ನೀರು ಸದಾ ಹರಿಯುವಂತೆ ಮಾಡಿದ್ದಾರೆ.

"ಅಪ್ಪ, ಮಧ್ಯಾಹ್ನ ನೀರು ಬಿಡ್ತಾರೆ. ನಾವಿರೋ ಜಾಗಕ್ಕೆ ಬರೋದಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತೆ. ಆದರೂ ಹನ್ನೆರಡರೊಳಗೆ ದಡ ಸೇರಿಬಿಡಬೇಕು" ಎಂದ. ಗಂಟೆಯ ಶಬ್ದಕ್ಕೆ ಕಿವಿಗೊಟ್ಟು ಬದುಕಿದವನಿಗೆ ಗಂಟೆಯ ಲೆಕ್ಕದಲ್ಲಿ ಹರಿಯುವ ನದಿ ಇಷ್ಟವಾಯಿತು.

ನೀರಿನ ಮೇಲೆ ಮಂಜು ಹೊಗೆಯಾಡುತ್ತಿತ್ತು. ಗಾಳಿ ನೀರಿಗಿಂತಲೂ ತಣ್ಣಗಿತ್ತು. ಹಳದಿ, ಕೆಂಪು ಎಲೆಗಳು ಉದುರಿ ತೇಲಿಬಂದು ಮಗನ ಕೊಕ್ಕೆಗೆ ಮತ್ತೆ ಮತ್ತೆ ಸಿಕ್ಕಿಕೊಳ್ಳುತ್ತಿದ್ದವು. ಶರತ್ಕಾಲದಲ್ಲಿ ನೀರು ಕಡಮೆಯಾಗಿ ತಿಳಿಯಾಗಿರುವಾಗ ಮೀನಿಗೆ ಎಲ್ಲವೂ ಕಾಣುತ್ತದೆ. ಆದ್ದರಿಂದ ಕೂದಲಿನಂಥ ತೆಳು ದಾರ, ಅಕ್ಕಿಕಾಳಿಗಿಂತಲೂ ಚಿಕ್ಕ ಕೊಕ್ಕೆ. ಆ ಹುಳು ಹರಿವಿನ ವೇಗದಲ್ಲಿಯೇ ತೇಲಬೇಕು. ದಾರ ಕೊಂಚ ಎಳೆದರೂ ಮೀನು ಮುಖ ತಿರುಗಿಸುತ್ತದೆ. ಜಲ್ಲಿಯ ಮೇಲೆ ಪಾಚಿಯಿಲ್ಲದ, ತೊಳೆದಂತೆ ಬೆಳ್ಳಗಿರುವ ಜಾಗವೊಂದನ್ನು ತೋರಿಸಿ, ಅಲ್ಲಿ ಕಾಲಿಡಬೇಡಿ ಎಂದ. ಕಂದು ಟ್ರೌಟ್ ಮೊಟ್ಟೆಯಿಡಲು ಬಾಲದಿಂದ ಗುಡಿಸಿ ಮಾಡಿಕೊಳ್ಳುವ ಗೂಡು ಹಾಗಿರುತ್ತದಂತೆ. ನಾನು ದೇವರ ಮನೆಯಲ್ಲಿ ನಡೆಯುವಂತೆ ನಡೆದೆ.

ಹತ್ತು ಗಂಟೆಯ ಸುಮಾರಿಗೆ ಒಂದು ಕಂದು ಟ್ರೌಟ್ ಸಿಕ್ಕಿತು. ಹೊಟ್ಟೆ ಬೆಣ್ಣೆಯ ಬಣ್ಣ, ಪಕ್ಕದಲ್ಲಿ ಕೆಂಪು ಚುಕ್ಕೆಗಳು. ಮಗ ಆತುರದಿಂದ ದಡಕ್ಕೆಳೆದು, ನೀರಿನಿಂದ ಮೇಲೆತ್ತದೆಯೇ ಕೊಕ್ಕೆ ಬಿಡಿಸಿದ. ಆದರೂ ಮೀನು ಹೋಗಲಿಲ್ಲ. ಮಗ್ಗುಲಾಗಿ ತೇಲಿ ಬಾಯಿ ತೆರೆದು ಮುಚ್ಚತೊಡಗಿತು. ಅವನು ಎರಡು ಕೈಗಳಲ್ಲಿ ಅದನ್ನು ಹರಿವಿಗೆ ಎದುರಾಗಿ ಹಿಡಿದು ನಿಂತ. ನಾಲ್ಕೈದು ನಿಮಿಷ ಕಳೆದಿರಬೇಕು. ಕೊನೆಗೊಮ್ಮೆ ಬಾಲ ಬಡಿದು ಕೈಯಿಂದ ಜಾರಿಹೋಯಿತು.

"ಈ ಕಾಲದಲ್ಲಿ ಹೀಗೇ ಅಪ್ಪ. ನೀರಲ್ಲಿ ಆಕ್ಸಿಜನ್ ಕಡಮೆ. ಕೆರೆಯ ತಳದ ನೀರು ವಸಂತದಿಂದ ಮೇಲಿನ ಗಾಳಿಯನ್ನೇ ಕಂಡಿರೋದಿಲ್ಲ" ಎಂದ.

ನಾನು ಮೇಷ್ಟರಲ್ಲವೇ! ಕೂಡಲೇ ಪಾಠ ಶುರುಮಾಡಿದೆ. ನೀರಿಗೆ 4 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಗರಿಷ್ಠ ಸಾಂದ್ರತೆ, ಆದ್ದರಿಂದ ಹಿಮದೇಶದ ಸರೋವರಗಳಲ್ಲಿ ಪದರಗಳಾಗುತ್ತವೆ ಎಂದೆ. ಮಗ ತಲೆಯಲ್ಲಾಡಿಸಿದ. "ಇದು ಹೆಪ್ಪುಗಟ್ಟೋ ಕೆರೆಯಲ್ಲ. 4 ಡಿಗ್ರಿಗೂ ಇದಕ್ಕೂ ಸಂಬಂಧ ಇಲ್ಲ. ಮೇಲಿನ ನೀರು ಕೆಳಗಿನದಕ್ಕಿಂತ ಬೆಚ್ಚಗಿದ್ದರೆ ಸಾಕು, ಎರಡೂ ಬೆರೆಯಲ್ಲ. ಯಾವ ದೇಶದ ಕೆರೆ ಆದರೂ ಅಷ್ಟೇ."

ಆಮೇಲೆ ವಿವರಿಸಿದ. ಬೇಸಿಗೆಯುದ್ದಕ್ಕೂ ಮೇಲ್ಪದರ ಕಾದು ಹಗುರವಾಗಿ ಮುಚ್ಚಳದಂತೆ ಕುಳಿತಿರುತ್ತದೆ. ತಳಕ್ಕಿಳಿದ ಕಸ, ಎಲೆ, ಪಾಚಿ ಕೊಳೆಯುತ್ತ ಅಲ್ಲಿನ ಆಮ್ಲಜನಕವನ್ನು ತಿಂದುಬಿಡುತ್ತವೆ. ಟ್ರೌಟ್‌ಗೆ ಲೀಟರಿಗೆ 6 ಮಿಲಿಗ್ರಾಮಿನಷ್ಟಾದರೂ ಇದ್ದರೆ ಒಳ್ಳೆಯದು. ಶರತ್ಕಾಲದ ಹೊತ್ತಿಗೆ ತಳದಲ್ಲಿ ಅಷ್ಟು ಉಳಿದಿರುವುದಿಲ್ಲ. ಚಳಿ ಬಲಿತು ಮೇಲಿನ ನೀರೂ ಕೆಳಗಿನಷ್ಟೇ ತಣ್ಣಗಾದಾಗ ಮಾತ್ರ ಎಲ್ಲವೂ ಕಲಸಿ ಒಂದಾಗುತ್ತದೆ. 1990ರ ದಶಕದ ಮಧ್ಯದಲ್ಲಿ ನಾರಿಸ್‌ಗೆ ಹೊಸ ಬಗೆಯ ಟರ್ಬೈನುಗಳನ್ನು ಅಳವಡಿಸಿದರು. ಅವುಗಳ ಚಕ್ರದ ಕೆಳಗೆ ಒತ್ತಡ ತಗ್ಗುವುದರಿಂದ ಹೊರಗಿನ ಗಾಳಿ ತಾನಾಗಿ ಒಳನುಗ್ಗಿ ನೀರಿಗೆ ಬೆರೆಯುತ್ತದೆ. ಈಗ ಪರಿಸ್ಥಿತಿ ಬಹಳ ಸುಧಾರಿಸಿದೆಯಂತೆ. ಆದರೂ ಈ ಋತುವಿನಲ್ಲಿ ಹಿಡಿದ ಮೀನನ್ನು ದಣಿಸಬಾರದು.

ಅವನು ಮಾತನಾಡುತ್ತಲೇ ಇದ್ದ. ನನ್ನ ಕಿವಿಯಲ್ಲಿ ಬೇರೊಂದು ದನಿ ಕೇಳುತ್ತಿತ್ತು.

1994ನೆಯ ಇಸವಿ. ಅಣೆಕಟ್ಟೊಂದರ ಸಮೀಪದ ಪ್ರೌಢಶಾಲೆ. ಯಾವುದೆಂದು ನಿಮ್ಮಲ್ಲಿ ಕೆಲವರು ಊಹಿಸಬಲ್ಲಿರಿ. ಎಂಟನೆಯ ತರಗತಿಗೆ ನೀರಿನ ಅಸಂಗತ ವ್ಯಾಕೋಚನದ ಪಾಠ ಮಾಡುತ್ತಿದ್ದೆ. ಕೊನೆಯ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. ಅವನ ತಂದೆ ನದಿಯಲ್ಲಿ ಬಲೆ ಬೀಸಿ ಸಂಸಾರ ಸಾಗಿಸುತ್ತಿದ್ದವರು. "ಸಾರ್, ನಮ್ಮ ಡ್ಯಾಮಿನ ನೀರೂ ಬೇಸಿಗೇಲಿ ಬಿಟ್ಟಾಗ ತಣ್ಣಗಿರುತ್ತೆ. ಕೊಳೆತ ಮೊಟ್ಟೆ ವಾಸನೆ ಬರುತ್ತೆ. ಮೀನೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡ್ತವೆ. ಯಾಕೆ ಸಾರ್?" ಎಂದು ಕೇಳಿದ.

ನಾನೇನು ಹೇಳಿದೆ ಗೊತ್ತೇ? "ಇದು ಹಿಮ ಬೀಳುವ ದೇಶದ ಪಾಠ. ನಮ್ಮಲ್ಲಿ ನೀರು 4 ಡಿಗ್ರಿಗೆ ಇಳಿಯುವುದೇ ಇಲ್ಲ, ಮೇಲೊಂದು ಕೆಳಗೊಂದು ಆಗುವುದಕ್ಕೆ ಸಾಧ್ಯವಿಲ್ಲ. ಪುಸ್ತಕದಲ್ಲಿರುವುದನ್ನು ಕಲಿ. ವಾಸನೆ ನಿನ್ನ ಬಲೆಯದ್ದಿರಬೇಕು." ತರಗತಿ ಗೊಳ್ಳೆಂದು ನಕ್ಕಿತು. ಹುಡುಗ ಕುಳಿತುಕೊಂಡ. ಆ ವರ್ಷ ಮತ್ತೆ ಅವನು ಏಳಲಿಲ್ಲ. ಉತ್ತರ ತಪ್ಪಾದುದಕ್ಕಿಂತಲೂ ಆ ಕಡೆಯ ಮಾತು ನನ್ನನ್ನು ಹೆಚ್ಚು ಚುಚ್ಚುತ್ತದೆ. ಶಿಕ್ಷಕನು ಪರಿಚಿತ ಅನುಭವದಿಂದ ಅಪರಿಚಿತದೆಡೆಗೆ ಸಾಗಬೇಕೆಂದು ಬಿ.ಎಡ್. ಪರೀಕ್ಷೆಯಲ್ಲಿ ಬರೆದು ಅಂಕ ಗಳಿಸಿದವನು ನಾನು!

ಅಂದು ಹನ್ನೆರಡಕ್ಕೆ ಮೊದಲೇ ದಡ ಸೇರಿದೆವು. ಒಂದು ಗಂಟೆ ದಾಟಿದ ಮೇಲೆ, ಬುತ್ತಿ ಬಿಚ್ಚಿ ಚಿತ್ರಾನ್ನ ತಿನ್ನುತ್ತ ನೋಡುತ್ತಿದ್ದಂತೆಯೇ, ನಾವು ನಿಂತಿದ್ದ ಕಲ್ಲುಗಳು ಒಂದೊಂದಾಗಿ ಸದ್ದಿಲ್ಲದೆ ಮುಳುಗಿದವು.

ರಾತ್ರಿ ಮಗನ ಮನೆಯಲ್ಲಿ ನೀರಿನ ಸಾಂದ್ರತೆಯ ಕೋಷ್ಟಕ ತೆಗೆದು ಲೆಕ್ಕ ಹಾಕಿದೆ. ಉಷ್ಣತೆ 4ರಿಂದ 5 ಡಿಗ್ರಿಗೆ ಏರಿದಾಗ ಆಗುವ ವ್ಯತ್ಯಾಸಕ್ಕಿಂತ 24ರಿಂದ 25ಕ್ಕೆ ಏರಿದಾಗ ಆಗುವ ವ್ಯತ್ಯಾಸ ಸುಮಾರು ಮೂವತ್ತು ಪಟ್ಟು ದೊಡ್ಡದು. ಎಂದರೆ, ಬಿಸಿಲುನಾಡಿನ ಕೆರೆಗಳಲ್ಲಿ ಕೆಲವೇ ಡಿಗ್ರಿಗಳ ಅಂತರವಿದ್ದರೂ ಪದರ ಗಟ್ಟಿಯಾಗಿ ನಿಲ್ಲುತ್ತದೆ. ತಳದಲ್ಲಿ ಆಮ್ಲಜನಕ ತೀರಿದ ಮೇಲೆ ಹುಟ್ಟುವ ಹೈಡ್ರೋಜನ್ ಸಲ್ಫೈಡಿನ ವಾಸನೆಯೇ ಕೊಳೆತ ಮೊಟ್ಟೆಯದು. ಆ ಅನಿಲವನ್ನು ನಾನೇ ಪ್ರಯೋಗಾಲಯದಲ್ಲಿ ತಯಾರಿಸಿ ತೋರಿಸುತ್ತಿದ್ದೆ! ಹುಡುಗ ಹೇಳಿದ ಮೂರು ಮಾತುಗಳೂ ಒಂದೇ ಸತ್ಯದ ಮೂರು ಗುರುತುಗಳು. ಕೋಷ್ಟಕವೂ ಗೊತ್ತಿತ್ತು, ಅನಿಲವೂ ಗೊತ್ತಿತ್ತು. ಅವನ ಮಾತನ್ನು ನಂಬುವುದು ಮಾತ್ರ ಗೊತ್ತಿರಲಿಲ್ಲ.

ಊರಿಗೆ ಮರಳಿದ ಮೇಲೆ ಅವನ ಸಹಪಾಠಿಗಳಿಂದ ಫೋನ್ ನಂಬರು ಪಡೆದು ಕರೆ ಮಾಡಿದೆ. ಈಗ ಅವನಿಗೆ ನಲವತ್ತು ದಾಟಿದೆ. ಒಂದು ಟೆಂಪೋ ಇಟ್ಟುಕೊಂಡಿದ್ದಾನೆ. ನಡೆದುದನ್ನು ಹೇಳಿ, ನಿನ್ನ ಪ್ರಶ್ನೆ ಸರಿಯಾಗಿತ್ತು, ನನ್ನ ಉತ್ತರ ತಪ್ಪು, ಆ ದಿನ ಆಡಿದ ಮಾತು ಇನ್ನೂ ದೊಡ್ಡ ತಪ್ಪು ಎಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿರಲಿಲ್ಲ.

"ನಂಗೆ ನೆನಪಿದೆ ಸಾರ್" ಎಂದ. ಮತ್ತೆ ತಡೆದು, "ಈಗ್ಲೂ ಹಾಗೇ ವಾಸನೆ ಬರುತ್ತೆ. ಬೇಸಿಗೇಲಿ ಬನ್ನಿ, ತೋರಿಸ್ತೀನಿ" ಎಂದು ನಕ್ಕ.

2024ರ ಮಾರ್ಚಿನಲ್ಲಿ ಹೋಗಿದ್ದೆ. ಥರ್ಮಾಮೀಟರನ್ನು ಚೀಲದಲ್ಲಿಟ್ಟುಕೊಂಡಿದ್ದೆ, ಅಗತ್ಯವಾಗಲಿಲ್ಲ. ಪಂಚೆ ಮೇಲೆತ್ತಿ ನೀರಿಗೆ ಕಾಲಿಟ್ಟೊಡನೆ ಕ್ಲಿಂಚ್ ನೆನಪಾಯಿತು. ಜೊತೆಯಲ್ಲಿ ಅವನ ಮಗಳು ಬಂದಿದ್ದಳು, ಎಂಟನೆಯ ತರಗತಿಯವಳು. ನೀರು ಏಕೆ ಹೀಗೆ ತಣ್ಣಗಿದೆಯೆಂದು ಅವಳು ಕೇಳಿದಾಗ ನಾನು ಬಾಯಿ ತೆರೆದೆ. ಮತ್ತೆ ಸುಮ್ಮನಾಗಿ ಅವಳ ತಂದೆಯ ಮುಖ ನೋಡಿದೆ. ಅವನೇ ಹೇಳಿದ. ಒಂದಕ್ಷರವನ್ನೂ ತಿದ್ದಬೇಕಾಗಲಿಲ್ಲ.

ನಿಮ್ಮಲ್ಲಿ ಯಾರ ಪ್ರಶ್ನೆಯನ್ನಾದರೂ ನಾನು ಹೀಗೆ ಕೂರಿಸಿದ್ದರೆ, ದಯವಿಟ್ಟು ಮತ್ತೊಮ್ಮೆ ಕೇಳಿ. ಈಗ ನನಗೆ ಸಮಯವಿದೆ.