ಮಿಯಾಪುರಕ್ಕೆ ಬರುವ ಬೀದರ್ ಬಸ್ಸು

ಮಿಯಾಪುರದಲ್ಲಿ ಮೆಟ್ರೋ ಹಿಡಿಯಲು ಓಡುವ ನಮ್ಮ ಹುಡುಗ-ಹುಡುಗಿಯರು ಒಮ್ಮೆ ಮುಂಬಯಿ ಹೆದ್ದಾರಿಯ ಬದಿಯಲ್ಲಿ ನಿಂತು ನೋಡಬೇಕು. ನಗರದ ಬಸ್ಸುಗಳ ತೆಲುಗು ಬೋರ್ಡುಗಳ ನಡುವೆ, ಜಹೀರಾಬಾದ್ ದಾಟಿ ಬಂದ ಬೀದರ್ ಬಸ್ಸಿನ ಹಣೆಯ ಮೇಲೆ ಕನ್ನಡ ಅಕ್ಷರ ಕಾಣುತ್ತದೆ.

ಈ ನಂಟು ಹಳೆಯದು. 1932ರಲ್ಲಿ ನಿಜಾಮರ ರೈಲ್ವೆ ಇಲಾಖೆ 27 ಬಸ್ಸುಗಳೊಂದಿಗೆ ರಸ್ತೆ ಸಾರಿಗೆ ಆರಂಭಿಸಿದಾಗ ಬೀದರ್, ಗುಲ್ಬರ್ಗ, ರಾಯಚೂರು ಎಲ್ಲವೂ ಹೈದರಾಬಾದ್ ಸಂಸ್ಥಾನದಲ್ಲೇ ಇದ್ದವು. (ಇಲ್ಲಿನ ಸರ್ಕಾರಿ ಬಸ್ಸುಗಳ ನಂಬರಿನಲ್ಲಿರುವ 'ಝಡ್' ನಿಜಾಮರ ತಾಯಿ ಜೆಹ್ರಾ ಬೇಗಂ ನೆನಪಿಗೆಂದು ಹಳಬರು ಹೇಳುತ್ತಾರೆ.) 1956ರಲ್ಲಿ ರಾಜ್ಯಗಳ ವಿಂಗಡಣೆಯಾಯಿತು. ಊರು ಮೈಸೂರು ರಾಜ್ಯಕ್ಕೆ ಹೋಯಿತು, ನೌಕರಿ ಆಂಧ್ರದಲ್ಲಿ ಉಳಿಯಿತು.

2023ರಲ್ಲಿ ಜೂನಿನಲ್ಲಿ ಕರ್ನಾಟಕ, ಡಿಸೆಂಬರಿನಲ್ಲಿ ತೆಲಂಗಾಣ ಹೆಂಗಸರಿಗೆ ಬಸ್ ಪ್ರಯಾಣ ಉಚಿತ ಮಾಡಿದವು. ಆದರೆ ಕರ್ನಾಟಕದ ರಿಯಾಯಿತಿ ಅಂತರರಾಜ್ಯ ಬಸ್ಸಿಗಿಲ್ಲ. ಬೀದರಿನಿಂದ ಕಲಬುರಗಿಗೆ ಪುಕ್ಕಟೆ ಹೋಗಬಲ್ಲ ಅಜ್ಜಿ, ಮೊಮ್ಮಕ್ಕಳನ್ನು ನೋಡಲು ಮಾತ್ರ ಟಿಕೆಟ್ ಕೊಳ್ಳಬೇಕು! ಗಂಟು ಕಟ್ಟಿಕೊಂಡು ಬರುತ್ತಾರೆ, ಪಾಪ.

ಮುಂದಿನ ಸಲ ಅಪ್ಪನನ್ನು ಕಳಿಸದೆ ನೀವೇ ಸ್ಟಾಪಿಗೆ ಹೋಗಿ. ಬೋರ್ಡು ಓದಲು ಬಾರದಿದ್ದರೆ, ಕಿಟಕಿಯಿಂದ ಅಜ್ಜಿ ಕೈಬೀಸುವ ತನಕ ಕಾಯಬೇಕಾಗುತ್ತದೆ, ಅಷ್ಟೇ.